ಚೆಶೈರ್ ನಿವಾಸಗಳ ಚರಿತ್ರೆ: 'ಮನೆ' ಎಂಬ ಶಬ್ದದ ವಿಚಾರ

ಅಂಗವಿಕಲರ ಪೋಷಣೆಗಾಗಿ ಇಂಗ್ಲೆಂಡಿನಲ್ಲಿ ಹುಟ್ಟಿದ ಚೆಶೈರ್ ನಿವಾಸಗಳಿಗೆ ಮೂಲವು ಯಾವ ಯೋಜನೆಯೂ ಅಲ್ಲ. ಮರಣಾಸನ್ನನಾದ ಒಬ್ಬ ರೋಗಿಗೆ ಹೋಗಲು ಎಡೆಯಿಲ್ಲದಿದ್ದುದೇ ಆಗಿದೆ. ಲೆನರ್ಡ್ ಚೆಶೈರನು ಎರಡನೆಯ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ವೈಮಾನಿಕನು. 1945ರಲ್ಲಿ ನಾಗಸಾಕಿಯ ಮೇಲೆ ಅಣುಬಾಂಬು ಸ್ಫೋಟಿಸಿದುದನ್ನು ವಿಮಾನದಿಂದ ಕಂಡವನು. ಯುದ್ಧಾನಂತರದಲ್ಲಿ ಈತನು ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ಬಂಗಲೆಯಲ್ಲಿ ಮಾಜಿ ಸೈನಿಕರ ವಸಾಹತೊಂದನ್ನು ನಡೆಯಿಸಿದನು. ಅದು ಸಾಲದಿಂದ ಮುರಿದುಬಿದ್ದಿತು. ಬರಿದಾದ ಆ ಮನೆಗೆ 1948ರಲ್ಲಿ, ಆಸ್ಪತ್ರೆಯವರು ಇನ್ನೇನೂ ಮಾಡಲಾಗದೆಂದ ಆರ್ಥರ್ ಡೈಕ್ಸ್ ಎಂಬ ಹಳೆಯ ವಸಾಹತುವಾಸಿಯನ್ನು ಕರೆತಂದು ತಾನೇ ಶುಶ್ರೂಷೆ ಮಾಡಿದನು. ಡೈಕ್ಸನು ಅದೇ ವರ್ಷ ತೀರಿಕೊಂಡನು. ಇತರ ರೋಗಿಗಳು ಬರತೊಡಗಿದರು. 1950ರ ದಶಕದ ನಡುವಿನಲ್ಲಿ ಮುಂಬಯಿಯಲ್ಲಿ, ಅನಂತರ ಬೆಂಗಳೂರಿನಲ್ಲಿಯೂ ಇಂತಹ ನಿವಾಸಗಳಾದುವು.

ಇದು ದಯೆಯ ಚರಿತ್ರೆ. ವಿಚಾರಾರ್ಹವಾದುದು ದಯೆಗೆ ಪಾತ್ರರಾದವರ ಚರಿತ್ರೆ. ಆಂಗ್ಲರು ಈ ಸಂಸ್ಥೆಗಳನ್ನು 'ಹೋಮ್' ಎಂದರು. ಕನ್ನಡದಲ್ಲಿ ಇಂತಹವು ಆಶ್ರಮ ಅಥವಾ ಆಲಯವೆನಿಸುವುವೇ ಹೊರತು ಬರಿಯ 'ಮನೆ' ಎನಿಸುವ ವಾಡಿಕೆಯಿಲ್ಲ. ಈ ಸಂಕೋಚವು ಯುಕ್ತವೆಂದೇ ತೋರುತ್ತದೆ. ತನ್ನ ಮನೆಯಲ್ಲಿರುವವನು ಮಲಗುವ ಹೊತ್ತನ್ನು ಪರರಿಂದ ಕೇಳಿ ತಿಳಿಯನು. ಲೆ ಕೋರ್ಟಿನಲ್ಲಿ ಮೊದಮೊದಲು ಸಿಬ್ಬಂದಿಯೇ ಇಲ್ಲದಷ್ಟು ಬಡತನವಿದ್ದುದರಿಂದ ನಿವಾಸಿಗಳೂ ಕೆಲಸದಲ್ಲಿ ಪಾಲುಗೊಳ್ಳುತ್ತಿದ್ದರು. ವ್ಯವಸ್ಥೆಯು ಬಲಿತಂತೆ ನಿಯಮಗಳೂ ಬಲಿತುವು. ಮಲಗುವ ವೇಳೆ, ಮದ್ಯಪಾನ, ಸ್ತ್ರೀಪುರುಷರ ಸಹವಾಸ, ಹೇಳದೆ ಹೊರಗೆ ಹೋಗುವ ಸ್ವಾತಂತ್ರ್ಯ, ಇವುಗಳಿಗಾಗಿ ನಿವಾಸಿಗಳು ಹೋರಾಡಬೇಕಾಯಿತು.

ಈ ಹೋರಾಟಗಾರರಲ್ಲಿ ಮುಖ್ಯನಾದ ಪಾಲ್ ಹಂಟನು ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1956ರಲ್ಲಿ, ಲೆ ಕೋರ್ಟಿಗೆ ಬಂದವನು. ಅಂಗವಿಕಲರೇ ಬರೆದ ಪ್ರಬಂಧಗಳನ್ನು ಈತನು 1966ರಲ್ಲಿ 'ಸ್ಟಿಗ್ಮಾ' ಎಂಬ ಹೆಸರಿನಲ್ಲಿ ಸಂಪಾದಿಸಿದನು. ನಿವಾಸಿಗಳ ಕೋರಿಕೆಯಿಂದಲೇ ಟ್ಯಾವಿಸ್ಟಾಕ್ ಸಂಸ್ಥೆಯ ಮಿಲ್ಲರ್ ಮತ್ತು ಗ್ವಿನ್ ಎಂಬ ಸಂಶೋಧಕರು ಸಮೀಕ್ಷೆಗೆ ಬಂದರು. ನಿವಾಸವನ್ನು ಸೇರುವುದು 'ಸಾಮಾಜಿಕ ಮರಣ'ವೆಂದು ಇವರು 1972ರ ಗ್ರಂಥದಲ್ಲಿ ಒಪ್ಪಿದರು. ಆದರೂ ವ್ಯವಸ್ಥೆಯನ್ನು ತೊಲಗಿಸಬೇಕೆನ್ನದೆ ಅದರ ಸುಧಾರಣೆಯನ್ನೇ ಸೂಚಿಸಿದರು. ತಾವೇ ಕರೆದ ಪಂಚಾಯಿತರಿಂದ ಇಂತಹ ತೀರ್ಪು ದೊರೆತುದು ನಿವಾಸಿಗಳಿಗೆ ದ್ರೋಹವೆಂದೇ ತೋರಿತು. ಹಂಟನು 1981ರಲ್ಲಿ, ಮರಣೋತ್ತರವಾಗಿ, ಪ್ರಕಟವಾದ ಲೇಖನದಲ್ಲಿ ಈ ಪಂಡಿತರನ್ನು ಪರೋಪಜೀವಿಗಳೆಂದು ಕರೆದನು.

ಅಷ್ಟರಲ್ಲಿ ಆತನು 1972ರ ಸೆಪ್ಟೆಂಬರಿನಲ್ಲಿ 'ಗಾರ್ಡಿಯನ್' ಪತ್ರಿಕೆಗೆ ಬರೆದ ಕಾಗದದಿಂದ ಅಂಗವಿಕಲರದೇ ಒಂದು ಸಂಘವು ಹುಟ್ಟಿದ್ದಿತು. ದೇಹದ ಊನವು ಬೇರೆ, ಸಮಾಜವು ಅದರ ಮೇಲೆ ಹೇರುವ ವೈಕಲ್ಯವು ಬೇರೆ ಎಂದು ಆ ಸಂಘವು 1976ರಲ್ಲಿ ವಿಂಗಡಿಸಿತು. ಇಂದು ಅಂಗವಿಕಲತೆಯ 'ಸಾಮಾಜಿಕ ಮಾದರಿ' ಎನಿಸಿಕೊಂಡಿರುವ ಸಿದ್ಧಾಂತಕ್ಕೆ ಇದೇ ಬೀಜವು. ಲೆ ಕೋರ್ಟ್ ನಿವಾಸವು 2007ರಲ್ಲಿ ಮುಚ್ಚಿತು.