ನಲ್ಲಿಯ ನೀರು, ಊರಿನ ತೋಡು

ಮುಂಬಯಿಯ ಕನ್ನಡಿಗನಿಗೆ ಊರು ಎರಡು. ಒಂದು ಜನ್ಮ ಕೊಟ್ಟ ಊರು, ಇನ್ನೊಂದು ಅನ್ನ ಕೊಟ್ಟ ಊರು. ಎರಡರ ಋಣವನ್ನೂ ನಮ್ಮ ಹಿರಿಯರು ಮರೆತವರಲ್ಲ. ಇಲ್ಲಿ ಸಂಘಗಳನ್ನು ಕಟ್ಟಿದರು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದರು. ಅಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೂ ಶಾಲೆಯ ಕಟ್ಟಡಕ್ಕೂ ಕೈಲಾದಷ್ಟು ಹಣ ಕಳುಹಿಸಿದರು. ಆದರೆ ಸಂಘದ ವರದಿಯಲ್ಲಾಗಲಿ ಮನೆಯ ಲೆಕ್ಕದ ಪುಸ್ತಕದಲ್ಲಾಗಲಿ ಕಾಣಿಸದ ಋಣ ಒಂದುಂಟು. ಅದು ನೀರಿನ ಋಣ. ಈ ಸಂಚಿಕೆಯಲ್ಲಿ ಅದರ ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು.

ದಾದರಿನ ಮನೆಗಳಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಬಾಲ್ದಿ, ಕೊಡ, ಡ್ರಮ್ಮುಗಳನ್ನು ತುಂಬಿಸಿಕೊಳ್ಳುವುದು ನಮ್ಮ ತಾಯಂದಿರಿಗೆ ಹೊಸದಲ್ಲ. ಆದರೆ ಈ ನೀರು ಎಲ್ಲಿಂದ ಬರುತ್ತದೆ ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿ. ನಲ್ಲಿಯಿಂದ ಎನ್ನುವರು. ಸ್ವಲ್ಪ ಬುದ್ಧಿವಂತರು ಮಾಳಿಗೆಯ ಮೇಲಿನ ಟಾಂಕಿಯಿಂದ ಎಂದಾರು. ಅವರ ತಪ್ಪಲ್ಲ, ನಾವು ಹೇಳಿಕೊಟ್ಟದ್ದು ಅಷ್ಟೆ.

ಏಳು ಸರೋವರಗಳು

ಒಂದು ಕಾಲಕ್ಕೆ ಮುಂಬಯಿ ತನ್ನ ಬಾವಿ, ಕೆರೆಗಳ ನೀರನ್ನೇ ಕುಡಿಯುತ್ತಿತ್ತು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಕೆರೆಗಳು ಮಾತ್ರ ಇಲ್ಲ. ಊರು ಬೆಳೆದಂತೆ ಆ ನೀರು ಸಾಲದಾಯಿತು. ೧೮೬೦ರಲ್ಲಿ ವಿಹಾರ ಸರೋವರ ಸಿದ್ಧವಾಗಿ ನಗರಕ್ಕೆ ಕೊಳವೆಯ ನೀರು ಬಂತು. ಅನಂತರ ೧೮೭೯ರಲ್ಲಿ ತುಳಸಿ, ೧೮೯೨ರಲ್ಲಿ ತಾನಸಾ, ೧೯೫೭ರಲ್ಲಿ ವೈತರಣಾ ನದಿಯ ಮೋಡಕ್ ಸಾಗರ. ಆಮೇಲೆ ಮೇಲಿನ ವೈತರಣಾ, ಭಾತ್ಸಾ. ಕೊನೆಯದಾಗಿ ೨೦೧೪ರಲ್ಲಿ ಮಧ್ಯ ವೈತರಣಾ. ದಾಹ ಹೆಚ್ಚಿದಂತೆಲ್ಲ ನಗರವು ದೂರ ದೂರಕ್ಕೆ ಕೈಚಾಚುತ್ತ ಹೋಯಿತು. ಇಂದು ದಿನಕ್ಕೆ ಪೂರೈಕೆಯಾಗುವ ಸುಮಾರು ನಾನೂರು ಕೋಟಿ ಲೀಟರುಗಳಲ್ಲಿ ವಿಹಾರ, ತುಳಸಿಗಳ ಪಾಲು ಅತ್ಯಲ್ಪ. ಅರ್ಧದಷ್ಟು ನೀರು ಭಾತ್ಸಾ ಒಂದರಿಂದಲೇ ಬರುತ್ತದೆ.

ಈ ಭಾತ್ಸಾ, ತಾನಸಾ, ವೈತರಣೆಗಳು ಹುಟ್ಟುವುದು ಎಲ್ಲಿ? ಸಹ್ಯಾದ್ರಿಯ ಸೆರಗಿನಲ್ಲಿ. ನಮ್ಮ ನೇತ್ರಾವತಿ, ಶರಾವತಿ, ಕಾಳಿಯರನ್ನು ಹೆತ್ತ ಪರ್ವತವೇ ಅದು. ಊರು ಬಿಟ್ಟು ಬಂದೆವೆಂದು ನಾವು ತಿಳಿದಿದ್ದರೂ ಬೆಟ್ಟ ನಮ್ಮನ್ನು ಬಿಟ್ಟಿಲ್ಲ. ಊರಿನಲ್ಲಿ ತೋಡಾಗಿ ಹರಿದದ್ದು ಇಲ್ಲಿ ನಲ್ಲಿಯಾಗಿ ಹರಿಯುತ್ತಿದೆ, ಅಷ್ಟೆ. ೧೯೮೭ರ ನವೆಂಬರಿನಲ್ಲಿ ಹೊರಟ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆಯವರು ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದಲೂ ದಕ್ಷಿಣದಲ್ಲಿ ಕನ್ಯಾಕುಮಾರಿಯಿಂದಲೂ ನಡೆದುಬಂದು, ೧೯೮೮ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಕೂಡಿದರು. ಭಾಷೆ ಹಲವಾದರೂ ಬೆಟ್ಟ ಒಂದೇ ಎಂಬುದನ್ನು ಅವರು ಕಾಲ್ನಡಿಗೆಯಿಂದಲೇ ತೋರಿಸಿಕೊಟ್ಟರು.

ಇನ್ನೊಂದು ಮಾತನ್ನು ಹೇಳದಿದ್ದರೆ ಲೆಕ್ಕ ಅಪೂರ್ಣವಾದೀತು. ಮುಂಬಯಿಗೆ ನೀರು ಕಳುಹಿಸುವ ಶಹಾಪುರ ತಾಲೂಕಿನ ಹಳ್ಳಿಗಳಲ್ಲಿಯೇ ಬೇಸಗೆಯಲ್ಲಿ ಹೆಂಗಸರು ಕೊಡ ಹೊತ್ತು ದೂರ ನಡೆಯುತ್ತಾರೆ, ಟ್ಯಾಂಕರಿಗಾಗಿ ಕಾಯುತ್ತಾರೆ. ೨೦೨೪ರಲ್ಲಿ ಸರೋವರಗಳ ನೀರು ತಗ್ಗಿ, ಮೇ ೩೦ರಿಂದ ಶೇಕಡಾ ಐದು, ಜೂನ್ ೫ರಿಂದ ಶೇಕಡಾ ಹತ್ತರಷ್ಟು ನೀರನ್ನು ನಗರಪಾಲಿಕೆ ಕಡಿತ ಮಾಡಿದಾಗ ನಾವೆಲ್ಲ ಗೊಣಗಿದೆವು. ಆ ಹಳ್ಳಿಯವರಿಗೆ ಅಂಥ ಕಡಿತ ಪ್ರತಿವರ್ಷದ ಮಾತು.

ಮೀಠಿಯ ಕಥೆ

ಮೀಠಿ ಎಂದರೆ ಸಿಹಿ. ವಿಹಾರ ಮತ್ತು ಪವಾಯಿ ಸರೋವರಗಳು ತುಂಬಿ ಹರಿದ ನೀರು ಈ ಹೆಸರಿನ ನದಿಯಾಗಿ, ಹದಿನೆಂಟು ಕಿಲೊಮೀಟರಿನಷ್ಟು ಸಾಗಿ, ಮಾಹಿಮ್ ಖಾರಿಯಲ್ಲಿ ಸಮುದ್ರವನ್ನು ಸೇರುತ್ತದೆ. ದಾದರಿನಿಂದ ಅದು ಕೂಗಳತೆಯ ದೂರ. ಆದರೂ ನಮ್ಮಲ್ಲಿ ಅನೇಕರು ಅದನ್ನು ನಾಲೆಯೆಂದೇ ತಿಳಿದಿದ್ದರು. ವಿಮಾನ ನಿಲ್ದಾಣದ ಬಳಿ ಅದನ್ನು ಕಾಲುವೆಯಂತೆ ತಿರುಗಿಸಿದರು. ದಡದ ಕಾಂಡ್ಲ ಕಾಡನ್ನು ಕಡಿದು ಮಣ್ಣು ತುಂಬಿದರು. ಕಾರ್ಖಾನೆಗಳ ಕೊಳಕನ್ನೂ ಮನೆಗಳ ಕಸವನ್ನೂ ಅದರೊಳಗೆ ಬಿಟ್ಟರು.

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ ೯೪೪ ಮಿಲಿಮೀಟರ್ ಮಳೆ ಬಿತ್ತು. ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರ. ಹೊರಗೆ ಹೋಗಲು ದಾರಿಯಿಲ್ಲದ ನೀರು ಬೀದಿಗಳಲ್ಲಿ, ಚಾಳುಗಳಲ್ಲಿ, ರೈಲು ಹಳಿಗಳ ಮೇಲೆ ಏರಿತು. ನೂರಾರು ಜನ ಪ್ರಾಣ ಕಳೆದುಕೊಂಡರು. ಆ ರಾತ್ರಿ ಮನೆ ಸೇರದೆ ಕಚೇರಿಗಳಲ್ಲಿ, ಬಸ್ಸುಗಳಲ್ಲಿ ಕಳೆದವರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದಾರೆ. ತಾನೊಂದು ನದಿ ಎಂಬುದನ್ನು ಮೀಠಿ ಅಂದು ನಗರಕ್ಕೆ ನೆನಪಿಸಿತು. ಅದೇ ವರ್ಷ ಸರಕಾರವು ಮೀಠಿಯ ಸಂರಕ್ಷಣೆಗಾಗಿ ಪ್ರಾಧಿಕಾರವನ್ನು ರಚಿಸಿತು. ಹೂಳು ತೆಗೆಯುವ, ಅಗಲಗೊಳಿಸುವ ಕೆಲಸಗಳಾದವು. ಆದರೆ ಮೇಲಿನಿಂದ ಕಸ ಬೀಳುವುದು ನಿಲ್ಲದೆ ಕೆಳಗೆ ಹೂಳೆತ್ತಿದರೆ ಏನು ಫಲ? ಜಲಾನಯನವೆಂದರೆ ಇದೇ. ಮೇಲಿನವನು ಮಾಡಿದ್ದನ್ನು ಕೆಳಗಿನವನು ಉಣ್ಣಬೇಕು.

ಕಸದ ರಾಶಿಯ ಮೇಲೊಂದು ಕಾಡು

ಆದರೂ ನಿರಾಶರಾಗಬೇಕಿಲ್ಲ. ಮೀಠಿಯ ದಡದಲ್ಲಿಯೇ, ಧಾರಾವಿಯ ಮಗ್ಗುಲಲ್ಲಿ, ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಸುಮಾರು ೩೭ ಎಕರೆಯ ಈ ನೆಲವು ಹಿಂದೆ ನಗರದ ಕಸ ಸುರಿಯುವ ಜಾಗವಾಗಿತ್ತು. ನಿಸರ್ಗಪ್ರೇಮಿಗಳ ಸಂಸ್ಥೆಯಾದ ಡಬ್ಲ್ಯು.ಡಬ್ಲ್ಯು.ಎಫ್.ನವರು ಇಲ್ಲಿ ಕಾಡು ಬೆಳೆಸೋಣವೆಂದಾಗ ನಕ್ಕವರು ಇದ್ದಿರಬೇಕು. ೧೯೮೩ರಲ್ಲಿ ಪಕ್ಷಿಶಾಸ್ತ್ರಜ್ಞ ಡಾ. ಸಲೀಮ್ ಅಲಿಯವರು ಮೊದಲ ಗಿಡ ನೆಟ್ಟರು. ೧೯೯೪ರ ಏಪ್ರಿಲ್ ೨೨ರಂದು ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ಇಂದು ಅಲ್ಲಿ ಸಾವಿರಾರು ಮರಗಳು, ನೂರಕ್ಕೂ ಮಿಕ್ಕಿದ ಜಾತಿಯ ಹಕ್ಕಿಗಳು, ಬಣ್ಣಬಣ್ಣದ ಚಿಟ್ಟೆಗಳು. ಮಳೆಯ ನೀರು ತುಂಬಿದ ಕೊಳ. ಶಾಲೆಯ ಮಕ್ಕಳು ತಂಡತಂಡವಾಗಿ ಬಂದು ಮರದ ಹೆಸರು ಕೇಳಿ, ಎಲೆ ಮುಟ್ಟಿ, ಗೊಬ್ಬರವಾಗುವ ಬಗೆಯನ್ನು ಕಣ್ಣಾರೆ ನೋಡಿ ಹೋಗುತ್ತಾರೆ.

ನಮ್ಮ ಮಕ್ಕಳನ್ನು ಸಿನಿಮಾಕ್ಕೂ ಮಾಲುಗಳಿಗೂ ಕರೆದೊಯ್ಯುವ ನಾವು, ಸಯನ್ ಸ್ಟೇಶನ್ನಿನಿಂದ ಇಷ್ಟು ಹತ್ತಿರವಿರುವ ಈ ಪಾಠಶಾಲೆಗೆ ಎಷ್ಟು ಸಲ ಕರೆದೊಯ್ದಿದ್ದೇವೆ? ಹಾಳುಗೆಡವಿದ ನೆಲವನ್ನು ಮತ್ತೆ ಜೀವಕ್ಕೆ ತರಬಹುದು ಎಂಬ ಪಾಠವನ್ನು ಪುಸ್ತಕ ಕಲಿಸುವುದಕ್ಕಿಂತ ಚೆನ್ನಾಗಿ ಈ ನೆಲ ಕಲಿಸುತ್ತದೆ.

ದಾದರ್ ಚೌಪಾಟಿಯಲ್ಲಿ

ಮೀಠಿಯು ಸಮುದ್ರಕ್ಕೆ ಒಯ್ಯುವ ಕಸವನ್ನು ಸಮುದ್ರ ಇಟ್ಟುಕೊಳ್ಳುವುದಿಲ್ಲ. ಮಳೆಗಾಲದ ಉಬ್ಬರದಲ್ಲಿ ಅದನ್ನು ಮಾಹಿಮಿನ, ದಾದರಿನ ಮರಳಿನ ಮೇಲೆ ಹಿಂದಿರುಗಿಸಿ ಹೋಗುತ್ತದೆ. ಶಿವಾಜಿ ಪಾರ್ಕಿನಲ್ಲಿ ಅಡ್ಡಾಡಿ ಚೌಪಾಟಿಯ ಕಡೆಗೆ ಹೋದವರೆಲ್ಲ ಇದನ್ನು ಕಂಡವರೇ. ಮೂಗು ಮುಚ್ಚಿಕೊಂಡು ತಿರುಗಿ ಬಂದವರೇ ಹೆಚ್ಚು.

೨೦೧೭ರಲ್ಲಿ ಗಣೇಶ ವಿಸರ್ಜನೆಯ ಬಳಿಕ ಒಬ್ಬ ಕಾಲೇಜು ವಿದ್ಯಾರ್ಥಿ ತಿರುಗಿ ಬರಲಿಲ್ಲ. ಕೆಲವೇ ಗೆಳೆಯರನ್ನು ಕೂಡಿಸಿಕೊಂಡು ಮರಳಿನ ಮೇಲಿನ ಕಸ ಹೆಕ್ಕತೊಡಗಿದ. ‘ಬೀಚ್ ಪ್ಲೀಸ್’ ಎಂದು ಹೆಸರಿಟ್ಟುಕೊಂಡ ಆ ತಂಡ ವಾರವಾರವೂ ಬಂತು. ಜನ ಸೇರುತ್ತ ಹೋದರು. ಮುಂದೆ ಮೀಠಿಯ ದಡಕ್ಕೂ ಹೋಯಿತು. ಅದಕ್ಕೆ ಮುನ್ನ, ೨೦೧೫ರಲ್ಲಿ, ವರ್ಸೋವಾದಲ್ಲಿ ವಕೀಲ ಅಫ್ರೋಜ್ ಶಾಹರು ಇಂಥದೇ ಕೆಲಸವನ್ನು ಆರಂಭಿಸಿದ್ದರು. ೨೦೧೮ರಲ್ಲಿ ಆ ದಡದ ಮರಳಿನಿಂದ ಕಡಲಾಮೆಯ ಮರಿಗಳು ಎಷ್ಟೋ ವರ್ಷಗಳ ಮೇಲೆ ಹೊರಬಂದವು.

ಈ ತಂಡಗಳ ಕೆಲಸದಲ್ಲಿ ನಮಗೆ ಮುಖ್ಯವೆಂದು ಕಂಡದ್ದು ಹೆಕ್ಕಿದ ಕಸದ ತೂಕವಲ್ಲ. ಒಂದು ಭಾನುವಾರ ಬಂದು ಕಸ ಹೆಕ್ಕಿದ ಹುಡುಗಿ ಮನೆಗೆ ಹೋಗಿ ತಾಯಿಗೆ ಹೇಳುತ್ತಾಳೆ: ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿಗೆ ಎಸೆಯಬೇಡ ಎಂದು. ದೇವರ ಮುಡಿಯಿಂದ ಇಳಿದ ಹೂ ಮಣ್ಣಿಗೆ ಸೇರಿದರೆ ಗೊಬ್ಬರ; ಚೀಲದೊಳಗೆ ಸಮುದ್ರಕ್ಕೆ ಬಿದ್ದರೆ ಮೀನಿನ ಗಂಟಲಿಗೆ ಉರುಳು. ಪಾಲಿಕೆಯವರು ವಿಸರ್ಜನೆಯ ದಿನಗಳಲ್ಲಿ ನಿರ್ಮಾಲ್ಯಕ್ಕೆಂದೇ ಕಲಶಗಳನ್ನು ಇಡುತ್ತಾರೆ. ಇಷ್ಟನ್ನು ನಮ್ಮ ಭಜನಾಮಂಡಳಿಗಳೇ ಮನೆಮನೆಗೆ ಹೇಳಬಹುದಲ್ಲವೆ?

ಊರಿನ ಕಟ್ಟಗಳು

ಈಗ ಜನ್ಮ ಕೊಟ್ಟ ಊರಿನ ಕಡೆಗೆ ನೋಡೋಣ. ಕಾಸರಗೋಡಿನಿಂದ, ದಕ್ಷಿಣ ಕನ್ನಡದಿಂದ ಬಂದ ಓದುಗರಿಗೆ ‘ಕಟ್ಟ’ ಎಂದರೆ ಏನೆಂದು ಹೇಳತಕ್ಕದ್ದಿಲ್ಲ. ಮಳೆ ನಿಂತು ತೋಡಿನ ಹರಿವು ಸಣ್ಣದಾಗುತ್ತಲೇ, ಕಲ್ಲು ಮಣ್ಣು ಅಡಿಕೆಮರದ ಕಾಂಡಗಳನ್ನು ಅಡ್ಡಹಾಕಿ ಊರವರೆಲ್ಲ ಸೇರಿ ಕಟ್ಟುತ್ತಿದ್ದ ತಡೆ ಅದು. ಒಂದೇ ತೋಡಿಗೆ ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಕಟ್ಟಗಳು. ನಿಂತ ನೀರು ಮೆಲ್ಲಗೆ ನೆಲಕ್ಕೆ ಇಂಗಿ ಇಕ್ಕೆಲದ ತೋಟಗಳನ್ನೂ ಬಾವಿಗಳನ್ನೂ ಬೇಸಗೆಯವರೆಗೆ ಕಾಯುತ್ತಿತ್ತು. ಗುಡ್ಡದ ಮುರಕಲ್ಲಿನಲ್ಲಿ ಅಡ್ಡವಾಗಿ ಕೊರೆದ ಸುರಂಗಗಳು ವಿದ್ಯುತ್ತಿಲ್ಲದೆ, ಯಂತ್ರವಿಲ್ಲದೆ ನೀರನ್ನು ಅಂಗಳಕ್ಕೆ ತರುತ್ತಿದ್ದವು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗದ ಮೇಲೆ ಸುರಂಗ ತೋಡಿ, ಸೋತರೂ ಬಿಡದೆ ನೀರು ಕಂಡು ತೋಟ ಮಾಡಿದರು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದರೆ ಕಾಲ ಬದಲಾಯಿತು. ಕೊಳವೆಬಾವಿ ಬಂದಿತು. ಗುಂಡಿ ಒತ್ತಿದರೆ ನೀರು ಬರುವಾಗ ನೆರೆಯವನೊಂದಿಗೆ ಸೇರಿ ಕಟ್ಟ ಹಾಕುವ ಗೋಜು ಯಾರಿಗೆ ಬೇಕು? ಕೆಲಸಕ್ಕೆ ಜನವೂ ಇಲ್ಲದಾದರು. ಜನ ಎಲ್ಲಿ ಹೋದರು? ಸಂಕೋಚವಿಲ್ಲದೆ ಹೇಳಬೇಕಾದ ಮಾತು ಇದು: ಅವರಲ್ಲಿ ಒಂದು ಪಾಲು ಮುಂಬಯಿಗೆ ಬಂದರು. ಕಟ್ಟಕ್ಕೆ ಕಲ್ಲು ಹೊರಬೇಕಾಗಿದ್ದ ಭುಜಗಳು ಇಲ್ಲಿ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದವು. ಅದು ಅಪರಾಧವಲ್ಲ, ಹೊಟ್ಟೆಪಾಡು. ಆದರೆ ತೋಡು ಬತ್ತಿತು.

ಅಲ್ಲಿಯೂ ಈಗ ಕೆಲಸ ಆರಂಭವಾಗಿದೆ. ಕಾಸರಗೋಡಿನ ಏತಡ್ಕದಲ್ಲಿ ಕೃಷಿಕರು ತಮ್ಮ ತೋಡಿನ ಕಟ್ಟಗಳನ್ನು ಬಿಡದೆ ಉಳಿಸಿಕೊಂಡು ಬಂದು ಸುತ್ತಲಿನವರಿಗೆ ಮಾದರಿಯಾದರು. ಪಡ್ರೆಯವರೂ ಈಚಿನ ವರ್ಷಗಳಲ್ಲಿ ತಮ್ಮ ಸ್ವರ್ಗ ತೋಡಿಗೆ ಮತ್ತೆ ಕಟ್ಟ ಹಾಕತೊಡಗಿದ್ದಾರೆ. ಅದೇ ಪಡ್ರೆಯ ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ಯ ಮೂಲಕವೂ ಪುಸ್ತಕಗಳ ಮೂಲಕವೂ ಮಳೆಕೊಯ್ಲಿನ ವಿಷಯವನ್ನು ಕನ್ನಡದ ಮನೆಮನೆಗೆ ತಲುಪಿಸಿದವರು. ಉತ್ತರ ಕನ್ನಡದ ಶಿರಸಿಯ ಕಡೆಯಲ್ಲಿ ೧೯೮೩ರ ಸೆಪ್ಟೆಂಬರ್ ೮ರಂದು ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಾಡು ಕಾಯ್ದದ್ದೂ ಕೊನೆಗೆ ನೀರಿಗಾಗಿಯೇ. ಬಯಲುಸೀಮೆಯ ಬಂಧುಗಳು ತೋಡು ಎಂದಿರುವಲ್ಲೆಲ್ಲ ಕೆರೆ ಎಂದು ಓದಿಕೊಂಡರೆ ಕಥೆ ಅವರದೂ ಆಗುತ್ತದೆ.

ನಮ್ಮಿಂದ ಆಗಬಹುದಾದುದು

ನಾವು ಊರಿಗೆ ಹೋಗುವುದು ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ; ಮದುವೆ, ಮುಂಜಿ, ಕೋಲಗಳ ಕಾಲ. ಆಗ ಬಾವಿಯೊಳಗೆ ಇಣುಕಿ, ತಳ ಕಂಡು, ಈ ಊರಿನಲ್ಲಿ ನೀರೇ ಇಲ್ಲ ಎಂದು ಹೇಳಿ ಮರಳುತ್ತೇವೆ. ಆ ಬಾವಿಯನ್ನು ತುಂಬಿಸುವ ಕೆಲಸ ನಡೆಯಬೇಕಾದದ್ದು ನವೆಂಬರ್, ಡಿಸೆಂಬರಿನಲ್ಲಿ. ಆಗ ನಾವು ಅಲ್ಲಿರುವುದಿಲ್ಲ. ಮುಂಬಯಿಯಲ್ಲೂ ಅಷ್ಟೆ. ಜುಲೈಯಲ್ಲಿ ನೀರು ಮೊಣಕಾಲಿಗೆ ಬಂದಾಗ ಪಾಲಿಕೆಯನ್ನು ಬಯ್ಯುತ್ತೇವೆ. ಮಾರ್ಚಿನಲ್ಲಿ ನಾಲೆಗೆ ಬಿದ್ದ ಚೀಲವನ್ನು ಯಾರೂ ನೋಡುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದು, ಊರಿನಲ್ಲಿ ಮನೆ, ತೋಟ ಇರುವ ಕುಟುಂಬಗಳು ಈ ವರ್ಷ ಒಬ್ಬರನ್ನಾದರೂ ಡಿಸೆಂಬರಿನಲ್ಲಿ ನಾಲ್ಕು ದಿನದ ಮಟ್ಟಿಗೆ ಊರಿಗೆ ಕಳುಹಿಸಲಿ. ಹೋಗಲಾಗದಿದ್ದರೆ ಕಟ್ಟದ ಆಳುಗಳ ಮಜೂರಿಯ ಒಂದು ಪಾಲನ್ನು ಕಳುಹಿಸಲಿ. ಬ್ರಹ್ಮಕಲಶಕ್ಕೆ ಕೊಡುವ ಕೈ ತೋಡಿಗೂ ಕೊಡಲಿ.

ಎರಡನೆಯದು, ನಮ್ಮ ಕಟ್ಟಡಗಳ ಮಾಳಿಗೆಯ ಲೆಕ್ಕ. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಐನೂರು ಚದರ ಮೀಟರಿನ ಮಾಳಿಗೆಯ ಮೇಲೆ ಬೀಳುವ ನೀರು ಹತ್ತು ಲಕ್ಷ ಲೀಟರು! ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ಹಿಡಿದರೆ, ಐದೈದು ಜನರ ಇಪ್ಪತ್ತು ಕುಟುಂಬಗಳಿಗೆ ಸುಮಾರು ಎರಡೂವರೆ ತಿಂಗಳ ನೀರು ಅದು. ಎಲ್ಲವನ್ನೂ ಹಿಡಿದಿಡಲಾಗದು, ನಿಜ. ಆದರೆ ಒಂದು ಪಾಲನ್ನು ಶೋಧಿಸಿ ಹಳೆಯ ಬಾವಿಗೋ ಇಂಗುಗುಂಡಿಗೋ ಬಿಡಬಹುದು. ಪಾಯಖಾನೆಗೂ ನೆಲ ತೊಳೆಯಲಿಕ್ಕೂ ಬಳಸಬಹುದು. ೨೦೦೨ರಿಂದಲೇ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಪಾಲಿಕೆಯು ಇದನ್ನು ಕಡ್ಡಾಯ ಮಾಡಿದೆ. ಕಾಗದದ ಮೇಲಿರುವ ಏರ್ಪಾಡು ನಮ್ಮ ಸೊಸೈಟಿಯಲ್ಲಿ ನಿಜವಾಗಿ ನಡೆಯುತ್ತಿದೆಯೇ ಎಂದು ಮುಂದಿನ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ಸಾಕು.

ಮೂರನೆಯದು ಮಕ್ಕಳದು. ನಮ್ಮ ಹಿರಿಯರು ರಾತ್ರಿಶಾಲೆ ತೆರೆದಾಗ ಅವರ ಬಳಿ ಕಟ್ಟಡವಿರಲಿಲ್ಲ, ಹಣವಿರಲಿಲ್ಲ. ಹುಡುಗರು ಅಕ್ಷರವಿಲ್ಲದೆ ಉಳಿಯಬಾರದೆಂಬ ಹಟವಿತ್ತು. ಇಂದಿನ ಮಕ್ಕಳಿಗೆ ಅಕ್ಷರ ಉಂಟು. ನೀರಿನ ಅರಿವು ಇಲ್ಲ. ಸಂಘಗಳ ಕನ್ನಡ ತರಗತಿಗಳಲ್ಲಿ ತೋಡು, ಮದಕ, ಕಟ್ಟ, ಸುರಂಗ, ಕೆರೆ ಎಂಬ ಮಾತುಗಳನ್ನು ಪದಪಟ್ಟಿಯಾಗಿ ಅಲ್ಲ, ವಸ್ತುವಾಗಿ ಪರಿಚಯ ಮಾಡಿಸೋಣ. ವರ್ಷಕ್ಕೊಮ್ಮೆ ನಿಸರ್ಗ ಉದ್ಯಾನಕ್ಕೆ, ಒಮ್ಮೆ ಚೌಪಾಟಿಯ ಶ್ರಮದಾನಕ್ಕೆ ಕರೆದೊಯ್ಯೋಣ. ಸಾಧ್ಯವಾದರೆ ತಾನಸಾದ ದಡಕ್ಕೂ ಒಯ್ದು, ನೀವು ಕುಡಿಯುವ ನೀರು ಇಲ್ಲಿಂದ ಹೊರಡುತ್ತದೆ, ಈ ಊರಿನವರಿಗೆ ಇದರಲ್ಲಿ ಸಿಗುವ ಪಾಲು ಇಷ್ಟು ಎಂದು ತೋರಿಸೋಣ.

ಇದರಲ್ಲಿ ಯಾವುದೂ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕಟ್ಟವನ್ನು ಹಿಂದೆಯೂ ಒಬ್ಬನೇ ಕಟ್ಟಿದ್ದಿಲ್ಲ. ತಮ್ಮ ಊರಿನಲ್ಲಿ ಕಟ್ಟ, ಕೆರೆ, ಸುರಂಗಗಳನ್ನು ಮತ್ತೆ ಎಬ್ಬಿಸುವ ಕೆಲಸ ನಡೆದಿದ್ದರೆ, ತಮ್ಮ ಕಟ್ಟಡದಲ್ಲಿ ಮಳೆಯ ನೀರು ಹಿಡಿಯುವ ಏರ್ಪಾಡು ಆಗಿದ್ದರೆ, ವಾಚಕರು ನಮಗೆ ಬರೆದು ತಿಳಿಸಬೇಕಾಗಿ ವಿನಂತಿ. ಎಷ್ಟು ಖರ್ಚಾಯಿತು, ಯಾರು ಕೈಗೂಡಿಸಿದರು, ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಏರಿತು ಎಂಬುದನ್ನೂ ಬರೆಯಿರಿ. ಮುಂದಿನ ಸಂಚಿಕೆಗಳಲ್ಲಿ ಅವನ್ನು ಸಂತೋಷದಿಂದ ಪ್ರಕಟಿಸುವೆವು. ನೋಡಿ ಇನ್ನಿಬ್ಬರು ಮುಂದೆ ಬಂದಾರು.