ಕಾರಣ ಬರೆಯದ ಆದೇಶ

1980ರ ದಶಕದ ಮಧ್ಯಭಾಗದಲ್ಲಿ, ಸರ್ಕಾರಿ ಸೇವೆಗೆ ಸೇರಿದ ಹೊಸತರಲ್ಲಿ, ನಾನು ಹೊಸಕೋಟೆಯಲ್ಲಿದ್ದೆ. ಒಂದು ದಿನ ಮಾಜಿ ಸೈನಿಕರೊಬ್ಬರು ಜಮೀನು ಮಂಜೂರಾತಿಯ ಅರ್ಜಿ ಹಿಡಿದು ಬಂದರು. ಅವರು ಮೈಸೂರು ಸಂಸ್ಥಾನದ ಪದಾತಿ ದಳದಲ್ಲಿದ್ದವರು. 1942ರ ಫೆಬ್ರುವರಿ 15ರಂದು ಸಿಂಗಪುರ ಪತನವಾದಾಗ ಆ ದಳವೂ ಜಪಾನೀಯರ ಸೆರೆಯಾಯಿತು. ಮೂರೂವರೆ ವರ್ಷ ಹಸಿವು, ಮಲೇರಿಯಾ, ಕೂಲಿ ಕೆಲಸಗಳಲ್ಲಿ ಕಳೆದ ಅವರು ಊರು ಸೇರಿದ್ದು ಯುದ್ಧ ಮುಗಿದ ಮೇಲೆ.

ನಾನು ಎಂ.ಎ. ಓದಿದವನೆಂದು ತಿಳಿದು ಅವರು ಒಂದು ಪ್ರಶ್ನೆ ಕೇಳಿದರು. ಅಣುಬಾಂಬಿನಿಂದಲೇ ತಾವು ಬದುಕಿ ಬಂದದ್ದೆಂದು ಎಲ್ಲರೂ ಹೇಳುತ್ತಾರೆ. ಆದರೆ ಸುಟ್ಟುಹೋದ ಮಕ್ಕಳ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಂದಿನಿಂದ ಆ ಮಾತು ಗಂಟಲಲ್ಲಿ ಇಳಿಯುತ್ತಿಲ್ಲ. ಮಾಡಿದ್ದು ಸರಿಯೇ ಎಂದು. ಅರ್ಥಶಾಸ್ತ್ರದ ಪದವೀಧರನ ಆತ್ಮವಿಶ್ವಾಸದಿಂದ ನಾನು ಲಾಭ-ನಷ್ಟದ ಲೆಕ್ಕ ಒಪ್ಪಿಸಿದೆ. ಎರಡು ಲಕ್ಷ ಜನ ಸತ್ತರು, ಹತ್ತು ಲಕ್ಷ ಜನ ಉಳಿದರು ಎಂದೆ. ಅವರು ಮರುಮಾತಾಡದೆ ಎದ್ದು ಹೋದರು. ಆಗ ಅವರಿಗಿದ್ದಷ್ಟೇ ವಯಸ್ಸು ಈಗ ನನಗಾಗಿದೆ. ನನ್ನ ಉತ್ತರ ತಪ್ಪಾಗಿತ್ತೆಂದು ತೋರುತ್ತಿದೆ.

ಆ 'ಹತ್ತು ಲಕ್ಷ' ಎಂಬ ಅಂಕಿ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು. ಯುದ್ಧಕಾಲದಲ್ಲಿ ಅಮೆರಿಕದ ಯುದ್ಧ ಸಚಿವರಾಗಿದ್ದ ಹೆನ್ರಿ ಸ್ಟಿಮ್ಸನ್ 1947ರ ಫೆಬ್ರುವರಿಯಲ್ಲಿ 'ಹಾರ್ಪರ್ಸ್' ಪತ್ರಿಕೆಗೆ ಬರೆದ ಲೇಖನದಿಂದ ಅದು ಪ್ರಸಿದ್ಧವಾಯಿತು. ಜಪಾನಿನ ಮೇಲೆ ದಂಡೆತ್ತಿ ಹೋಗಿದ್ದರೆ ಅಮೆರಿಕದ ಪಡೆಗಳಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಸಾವುನೋವು ಆಗಬಹುದಿತ್ತು ಎಂಬುದು ಅವರ ಮಾತು. ಗಾಯಾಳುಗಳೂ ಸೇರಿದ್ದ ಈ ಸಂಖ್ಯೆ ಜನರ ಬಾಯಲ್ಲಿ ಬರೀ ಸಾವಿನ ಸಂಖ್ಯೆಯಾಯಿತು. 1945ರ ಜೂನ್‌ನಲ್ಲಿ ಸೇನಾ ಯೋಜಕರು ಸಿದ್ಧಪಡಿಸಿದ್ದ ಒಂದು ಅಂದಾಜಿನಲ್ಲಾದರೋ ಸಾವಿನ ಸಂಖ್ಯೆ 25 ಸಾವಿರದಿಂದ 46 ಸಾವಿರದವರೆಗಿತ್ತು. ಇದಕ್ಕಿಂತ ದೊಡ್ಡ ಅಂದಾಜುಗಳೂ ಇದ್ದವು. ಒಟ್ಟಿನಲ್ಲಿ ನಾನು ಒಪ್ಪಿಸಿದ್ದು ನಿರ್ಧಾರದ ಮುಂಚಿನ ಲೆಕ್ಕವಲ್ಲ, ನಿರ್ಧಾರದ ನಂತರ ನೀಡಿದ ಸಮಜಾಯಿಷಿ.

ಹಾಗೆಂದು ಬಾಂಬು ಸಂಪೂರ್ಣ ಅನವಶ್ಯಕವಾಗಿತ್ತೆಂದು ತೀರ್ಪು ಕೊಡುವುದೂ ಸುಲಭವಲ್ಲ. ಅಣುಬಾಂಬು ಇಲ್ಲದಿದ್ದರೂ 1945ರೊಳಗೆ ಜಪಾನ್ ಶರಣಾಗುತ್ತಿತ್ತೆಂದು ಅಮೆರಿಕದ್ದೇ ಬಾಂಬ್ ದಾಳಿ ಸಮೀಕ್ಷೆ 1946ರಲ್ಲಿ ಹೇಳಿತು. ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಯುದ್ಧ ಸಾರಿದ್ದೇ ನಿರ್ಣಾಯಕವೆನ್ನುವ ಇತಿಹಾಸಕಾರರಿದ್ದಾರೆ. ಆದರೆ ಯುದ್ಧ ಮುಂದುವರಿದ ಒಂದೊಂದು ದಿನವೂ ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ, ಸೆರೆಶಿಬಿರಗಳಲ್ಲಿ ಜನ ಸಾಯುತ್ತಿದ್ದರು. ನಮ್ಮ ಮಾಜಿ ಸೈನಿಕರು ಅಂಥ ಶಿಬಿರವೊಂದರಲ್ಲೇ ಇದ್ದವರು. ಅವರ ಬಿಡುಗಡೆಯನ್ನು ಕ್ಷುಲ್ಲಕವೆನ್ನುವ ಅಧಿಕಾರ ನನಗಿಲ್ಲ.

ಕಡತಗಳ ನಡುವೆ ಬದುಕು ಸವೆಸಿದ ನನ್ನನ್ನು ಹೆಚ್ಚಾಗಿ ಕಾಡುವುದು ಆ ನಿರ್ಧಾರ ರೂಪುಗೊಂಡ ಬಗೆ. 1945ರ ಜುಲೈ 25ರಂದು ಜನರಲ್ ಥಾಮಸ್ ಹ್ಯಾಂಡಿ ಅವರ ಸಹಿಯಲ್ಲಿ ವಾಯುಪಡೆಯ ಜನರಲ್ ಸ್ಪಾಟ್ಜ್ ಅವರಿಗೆ ಒಂದು ಆದೇಶ ಹೋಯಿತು. ಹವಾಮಾನ ಅನುಕೂಲಿಸಿದೊಡನೆ, ಸುಮಾರು ಆಗಸ್ಟ್ 3ರ ನಂತರ, ಹಿರೋಷಿಮಾ, ಕೊಕುರಾ, ನಿಗಾಟಾ, ನಾಗಾಸಾಕಿಗಳಲ್ಲಿ ಒಂದರ ಮೇಲೆ ಮೊದಲ ಬಾಂಬು ಹಾಕಬೇಕು. ಉಳಿದ ಬಾಂಬುಗಳನ್ನು ಸಿದ್ಧವಾದ ಹಾಗೆ ಹಾಕುತ್ತ ಹೋಗಬೇಕು. ಜಪಾನಿಗೆ ಶರಣಾಗತಿಯ ಕರೆ ನೀಡಿದ ಪಾಟ್ಸ್‌ಡ್ಯಾಮ್ ಘೋಷಣೆ ಹೊರಬಿದ್ದದ್ದು ಇದರ ಮರುದಿನ!

ಹೀಗಾಗಿ ನಾಗಾಸಾಕಿಗೆಂದು ಪ್ರತ್ಯೇಕ ನಿರ್ಧಾರವೇ ಆಗಲಿಲ್ಲ. ಆಗಸ್ಟ್ 11ಕ್ಕೆ ಗೊತ್ತಾಗಿದ್ದ ಎರಡನೆಯ ದಾಳಿಯನ್ನು ಹವಾಮಾನ ಕೆಡುವ ಮುನ್ಸೂಚನೆಯಿಂದಾಗಿ 9ಕ್ಕೆ ಹಿಂದೂಡಲಾಯಿತು. ಅಂದಿನ ಗುರಿ ಕೊಕುರಾ. ಅಲ್ಲಿ ಗುರಿ ಕಾಣಿಸದ ಕಾರಣ ವಿಮಾನ ನಾಗಾಸಾಕಿಗೆ ತಿರುಗಿತು. ಮೊದಲ ಬಾಂಬಿಗೆ ಜಪಾನ್ ಏನೆನ್ನುತ್ತದೆಂದು ಕಾಯುವ ಅವಕಾಶ ಆದೇಶದಲ್ಲಿರಲಿಲ್ಲ. ತನ್ನ ಸ್ಪಷ್ಟ ಅನುಮತಿಯಿಲ್ಲದೆ ಮತ್ತೊಂದು ಬಾಂಬು ಬೀಳಕೂಡದೆಂದು ಅಧ್ಯಕ್ಷ ಟ್ರೂಮನ್ ತಡೆದದ್ದು ಆಗಸ್ಟ್ 10ರಂದು. ಅಷ್ಟೊಂದು ಮಕ್ಕಳನ್ನು ಕೊಲ್ಲುವುದು ತಮಗಿಷ್ಟವಿಲ್ಲವೆಂದು ಅವರು ಆ ದಿನ ಸಂಪುಟದಲ್ಲಿ ಹೇಳಿದರೆಂದು ಸಚಿವ ಹೆನ್ರಿ ವಾಲೇಸ್ ದಿನಚರಿಯಲ್ಲಿ ಬರೆದಿದ್ದಾರೆ. ಹೊಸಕೋಟೆಯ ವೃದ್ಧರ ಪ್ರಶ್ನೆ ಟ್ರೂಮನ್ನರಿಗೂ ಹೊಳೆದಿತ್ತು. ಹೊಳೆಯುವ ಹೊತ್ತಿಗೆ ಎರಡು ನಗರಗಳು ಬೂದಿಯಾಗಿದ್ದವು. ಆ ವರ್ಷಾಂತ್ಯದೊಳಗೆ ಹಿರೋಷಿಮಾದಲ್ಲಿ ಸುಮಾರು 1.40 ಲಕ್ಷ, ನಾಗಾಸಾಕಿಯಲ್ಲಿ ಸುಮಾರು 70 ಸಾವಿರ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು.

ಇದು ದೂರದೇಶದ ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 1974 ಮತ್ತು 1998ರ ಪೋಖ್ರಾನ್ ಪರೀಕ್ಷೆಗಳ ನಂತರ ನಾವೂ ಅಂಥ ಆದೇಶ ಹೊರಡಿಸಬಲ್ಲ ರಾಷ್ಟ್ರವಾಗಿದ್ದೇವೆ. 1974ರ ಪರೀಕ್ಷೆಯ ಮುಂಚೂಣಿಯಲ್ಲಿದ್ದ ರಾಜಾ ರಾಮಣ್ಣ ನಮ್ಮ ತುಮಕೂರಿನಲ್ಲಿ ಹುಟ್ಟಿದವರು. ಮೊದಲು ತಾನಾಗಿ ಅಣ್ವಸ್ತ್ರ ಬಳಸುವುದಿಲ್ಲ, ಪ್ರತಿದಾಳಿಗೆ ಅನುಮತಿ ನೀಡುವ ಅಧಿಕಾರ ಚುನಾಯಿತ ನಾಯಕತ್ವಕ್ಕೆ ಮಾತ್ರ ಎಂದು ಭಾರತ 2003ರ ಜನವರಿಯಲ್ಲಿ ಪ್ರಕಟಿಸಿದ ನೀತಿ ಸಾರುತ್ತದೆ. ಆ ನೀತಿಯನ್ನು ಸಡಿಲಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗೆನ್ನುವವರು ಜುಲೈ 25ರ ಆ ಆದೇಶವನ್ನೊಮ್ಮೆ ಓದಬೇಕು. ತಡೆದು ಯೋಚಿಸುವ ಘಟ್ಟವನ್ನು ಮೊದಲೇ ಬರೆದಿಡದಿದ್ದರೆ, ಯುದ್ಧದ ಗದ್ದಲದಲ್ಲಿ ಅದು ತಾನಾಗಿ ಬರುವುದಿಲ್ಲ.

ಅಂದಿನ ಜಮೀನಿನ ಅರ್ಜಿ ನನಗೆ ಚೆನ್ನಾಗಿ ನೆನಪಿದೆ. ಸ್ಥಳ ತನಿಖೆ, ಮಹಜರು, ಆಕ್ಷೇಪಣೆಗೆ ಗಡುವು, ಅಕ್ಕಪಕ್ಕದ ಹಿಡುವಳಿದಾರರ ವಿಚಾರಣೆ ಎಲ್ಲ ಮುಗಿದ ಮೇಲೆ ಕಾರಣಸಹಿತವಾದ ಎರಡು ಪುಟಗಳ ಆದೇಶ ಸಿದ್ಧವಾಯಿತು. ಬಾಧಿತರ ಅಹವಾಲು ಕೇಳದೆ, ಕಾರಣ ಬರೆಯದೆ ಆದೇಶ ಮಾಡಕೂಡದೆಂಬುದು ನಮಗೆ ಕಲಿಸಿದ ಮೊದಲ ಪಾಠ. ಎರಡು ಎಕರೆ ಜಮೀನಿಗೆ ಸಿಕ್ಕಿದಷ್ಟು ವಿಚಾರಣೆ ನಾಗಾಸಾಕಿಗೆ ಸಿಗಲಿಲ್ಲ.

ಆ ಹಿರಿಯರು ಇಂದು ನನ್ನೆದುರು ಕುಳಿತಿದ್ದರೆ ನಾನು ಲೆಕ್ಕ ಒಪ್ಪಿಸುತ್ತಿರಲಿಲ್ಲ. ನೀವು ಬದುಕಿ ಬಂದದ್ದು ನಿಮ್ಮ ತಪ್ಪಲ್ಲ, ಆ ಮಕ್ಕಳ ಸಾವಿಗೆ ನೀವು ಉತ್ತರ ಕೊಡಬೇಕಾಗಿಲ್ಲ ಎನ್ನುತ್ತಿದ್ದೆ. ಅವರಿಗೆ ಬೇಕಾಗಿದ್ದುದು ಬಹುಶಃ ಅಷ್ಟೇ.