ಇರೋ ಮನಿ ಸಿಂಗಾರ ಬ್ಯಾರೆ, ಮಾರೋ ಮನಿ ಸಿಂಗಾರ ಬ್ಯಾರೆ!

ಕೊಲ್ಹಾಪುರ: ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಗಡಿಭಾಗದ ಮನೆಗಳಲ್ಲಿ ಸುಣ್ಣ-ಬಣ್ಣದ ಗಡಿಬಿಡಿ. ಹೊಸ ಪರದೆ, ಹೊಸ ಸೋಫಾ, ಕೈಯಾಗ ದುಡ್ಡಿದ್ದವರಿಗೆ ಪಿಒಪಿ ಛತ್ತು. ಇದೆಲ್ಲ ಮನೆಯಲ್ಲಿ ಇರುವವರ ಖುಷಿಗೆ ಮಾಡುವ ಒಳಾಂಗಣ ಅಲಂಕಾರ. ಆದರೆ ಮನೆ ಮಾರುವ ಮುಂಚೆ ಮಾಡುವ ಸಿಂಗಾರವೇ ಬೇರೆ. ಅದರ ಹೆಸರು ಹೋಂ ಸ್ಟೇಜಿಂಗ್.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾರಾಟದ ಏಜೆಂಟ್ ಆಗಿದ್ದ ಬಾರ್ಬ್ ಶ್ವಾರ್ಟ್ಜ್ 1970ರ ದಶಕದಲ್ಲಿ ಈ ಪದ್ಧತಿಯನ್ನು ಬಳಕೆಗೆ ತಂದವರು. ಸ್ಟೇಜ್ ಅಂದರೆ ರಂಗ. ನಾಟಕದ ಊರಾದ ಕೊಲ್ಹಾಪುರಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಣ್ಣು ನೋಡಾಕ ಬರೋ ದಿನ ನಮ್ಮ ಪಡಸಾಲಿ ಹ್ಯಾಂಗ ಇರತೈತಿ, ಸ್ಟೇಜಿಂಗ್ ಅಂದರ ಬಹುತೇಕ ಅದೇ!

ಅಲಂಕಾರದಲ್ಲಿ ಮಾಲೀಕರ ಇಷ್ಟವೇ ಕಾಯ್ದೆ. ಗೋಡೆ ಗಿಳಿಹಸಿರು ಬೇಕೆಂದರೆ ಗಿಳಿಹಸಿರು. ಸ್ಟೇಜಿಂಗ್‌ನಲ್ಲಿ ಕೊಳ್ಳುವವನ ಕಣ್ಣು ಮುಖ್ಯ. ಬಣ್ಣ ತಿಳಿಯಾಗಿರಬೇಕು, ಸಾಮಾನು ಅರ್ಧಕ್ಕರ್ಧ ಹೊರಗೆ ಹೋಗಬೇಕು, ಸೋರುವ ನಲ್ಲಿ ನಿಲ್ಲಬೇಕು. ಹೊಸದನ್ನು ತರುವುದಕ್ಕಿಂತ ಹಳೆಯದನ್ನು ತೆಗೆಯುವುದೇ ಹೆಚ್ಚು. ಖರ್ಚು ಕಡಿಮೆ, ಜೀವಕ್ಕೆ ಮಾತ್ರ ಸಂಕಟ. ಯಾಕೆಂದರೆ ಗೋಡೆ ಮೇಲಿನ ಅಪ್ಪನ ಫೋಟೋವನ್ನೂ ಇಳಿಸಿ ಅಂತಾರೆ. ಮಕ್ಕಳು ಪುಣೆಯಲ್ಲಿ ನೌಕರಿ ಹಿಡಿದು, ಗಡಹಿಂಗ್ಲಜದ ಹಳೇ ಹಂಚಿನ ಮನೆ ಮಾರಲು ಹೊರಟ ತಾಯಿಗೆ ಈ ಮಾತು ಹೇಳುವವರು ಯಾರು? ಜಗಲಿ ಮ್ಯಾಲಿನ ದೇವರನ್ನಂತೂ ಯಾರೂ ಮುಟ್ಟೂದಿಲ್ಲ, ಮುಟ್ಟಲೂಬಾರದು.

ಅಲ್ಲಿಯ ಹಳೇ ಮನೆಗಳಲ್ಲಿ ಅಟ್ಟದ ಕಟ್ಟಿಗೆ ಇಳಿಸಿ, ಮುಚ್ಚಿದ ಕಿಟಕಿ ತೆರೆದು, ಹಂಚಿನ ನಡುವೆ ಒಂದೆರಡು ಗಾಜಿನ ಹಂಚು ಕೂಡಿಸಿದರೆ ಸಾಕು, ಕೋಣೆ ದೊಡ್ಡದಾಗಿ ಕಾಣುತ್ತದೆ. ಇಚಲಕರಂಜಿಯ ಲೆಕ್ಕ ಬೇರೆ. ಅಲ್ಲಿ ಎಷ್ಟೋ ಕಡೆ ಮನೆಗೆ ಹತ್ತಿಕೊಂಡೇ ಮಗ್ಗದ ಶೆಡ್. ಮಗ್ಗ ಎತ್ತಿದ ಮೇಲೂ ನೆಲದಲ್ಲಿ ಎಣ್ಣೆ ಕಲೆ, ಬೋಲ್ಟಿನ ತೂತು, ತೊಲೆ ಮೇಲೆ ಹತ್ತಿ ಧೂಳು ಉಳಿಯುತ್ತವೆ. ಅದನ್ನು ತಿಕ್ಕಿ ತೊಳೆದು, ತೂತು ತುಂಬಿಸದೆ ಸೋಫಾ ತಂದಿಟ್ಟರೆ ಸೋಫಾದ ರೊಕ್ಕ ದಂಡ.

ಇಷ್ಟರ ತನಕ ತಕರಾರಿಲ್ಲ. ತಕರಾರು ಇರುವುದು ಪಂಚಗಂಗೆಯ ದಂಡೆಯಲ್ಲಿ. ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟ್‌ನಲ್ಲಿ ಹಾಗೂ 2021ರ ಜುಲೈನಲ್ಲಿ ನೀರು 55 ಅಡಿ ದಾಟಿತ್ತು. ದುಧಾಳಿ, ಸುತಾರವಾಡಾ, ಶುಕ್ರವಾರ ಪೇಟೆ ಕಡೆ ಮನೆಯೊಳಗೇ ನೀರು ಹೊಕ್ಕಿತ್ತು. ನೀರು ಕುಡಿದ ಗೋಡೆಯಲ್ಲಿ ಉಪ್ಪು ಉಳಿಯುತ್ತದೆ. ಮೇಲೆ ಎಂಥ ಬಣ್ಣ ಬಳಿದರೂ ಕೆಲ ದಿನಗಳಲ್ಲೇ ಬಿಳಿ ಪುಡಿ ಎದ್ದು, ಪದರು ಉದುರುತ್ತದೆ. ಆ ಗೆರೆ ಕಾಣದಂತೆ ಪಿವಿಸಿ ಹಲಗೆ ಬಡಿದು ಮನೆ ತೋರಿಸಿದರೆ ಅದಕ್ಕೆ ಸ್ಟೇಜಿಂಗ್ ಅನ್ನುವುದು ಹೇಗೆ?

ಕಾಯ್ದೆಯೂ ಇದನ್ನೇ ಕೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ, ಮಾರುವವನಿಗೆ ಮಾತ್ರ ಗೊತ್ತಿರುವ ಮಹತ್ವದ ದೋಷವನ್ನು ಮಾರುವವನೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅದು ವಂಚನೆ. ಆದರೆ ಕಣ್ಣಿಗೆ ಕಾಣುವ ದೋಷಕ್ಕೆ ಈ ಆಸರೆ ಇಲ್ಲ. ಅಂದಮೇಲೆ ಕೊಳ್ಳುವವರೂ ಕಣ್ಣು ಬಿಟ್ಟೇ ನೋಡಬೇಕು.

ಏನು ನೋಡಬೇಕು? ಸ್ವಿಚ್‌ಬೋರ್ಡ್ ತಲೆಗಿಂತ ಎತ್ತರದಲ್ಲಿದೆಯೇ? ಕಪಾಟಿನ ಹಿಂದೆ ಗೋಡೆ ಮುಗ್ಗು ಹಿಡಿದಿದೆಯೇ? ನೆಲದಿಂದ ಮೂರ್ನಾಲ್ಕು ಅಡಿಯವರೆಗಷ್ಟೇ ಹೊಸ ಗಿಲಾಯಿ ಇದೆಯೇ? ನೀರಾವರಿ ಇಲಾಖೆಯ ಪೂರರೇಷೆಯಲ್ಲಿ ಜಾಗ ನೀಲಿ ಗೆರೆಯ ಒಳಗಿದೆಯೋ, ಕೆಂಪು ಗೆರೆಯ ಒಳಗಿದೆಯೋ ಎಂದು ಕೇಳಿ. ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ಬನ್ನಿ. ಏಜೆಂಟರನ್ನು ಬಿಟ್ಟು, ಓಣಿಯ ಕಿರಾಣಿ ಅಂಗಡಿಯಲ್ಲಿ ನಿಂತು, 2019ರಾಗ ನೀರು ಎಲ್ಲಿ ತನಕ ಬಂದಿತ್ತ್ರೀ ಅಂತ ಒಂದು ಮಾತು ಕೇಳಿ. ಕೈ ಎತ್ತಿ ತೋರಿಸುತ್ತಾರೆ.